ಹಾಸುಬಂಡೆಯ ಮೇಲೊಂದು ಎಂಟು

ಬೆಂಗಳೂರಿನಿಂದ ಬಂದ ಮನುಷ್ಯನನ್ನು ಹತ್ತು ದಿನ ಊರ ಹೊರಗಿಡಬೇಕೆಂದು ಪ್ಲೇಗಿನ ಕಾಲದ ಹುಕುಂ ಇತ್ತು. ಬೆಂಗಳೂರಿನಿಂದ ಬಂದ ಕಾಗದವನ್ನು ಏನು ಮಾಡಬೇಕೆಂದು ಹುಕುಮಿನಲ್ಲಿ ಬರೆದಿರಲಿಲ್ಲ. ಕಲ್ಲಹಟ್ಟಿಯ ಪಟೇಲ ಮುರುಗಪ್ಪಗೌಡರು ಸರ್ಕಾರ ಮರೆತದ್ದನ್ನು ತಾವು ನೆನಪಿಟ್ಟುಕೊಳ್ಳುವ ಪೈಕಿ. ಕಾಗದಕ್ಕೂ ಹತ್ತು ದಿನ ಹಾಕಿದರು. ದನದ ಕೊಟ್ಟಿಗೆಯ ಸೂರಿಗೆ ದಾರ ಕಟ್ಟಿ, ಬೇವಿನ ಸೊಪ್ಪಿನ ನಡುವೆ ಅದನ್ನು ತೂಗುಹಾಕಿ, ದಿನಾ ಬೆಳಿಗ್ಗೆ ಸಾಂಬ್ರಾಣಿ ಹೊಗೆ ತೋರಿಸಿದರು. ಹತ್ತು ದಿನ ಕಳೆದ ಮೇಲೆ, ಕಾಗದಕ್ಕೆ ಗಡ್ಡೆಯೂ ಎದ್ದಿಲ್ಲ, ಜ್ವರವೂ ಬಂದಿಲ್ಲ ಎಂದು ಖಾತ್ರಿ ಮಾಡಿಕೊಂಡು, ವಿಳಾಸದಾರನನ್ನು ಕರೆಸಿ ಕೈಗೆ ಕೊಟ್ಟರು.

“ಏನಂತೆ, ಫೇಲಾದ್ಯಾ?” ಎಂದು ಕೇಳಿದರು. ಬೆಂಗಳೂರಿನ ಕಾಗದದಲ್ಲಿ ಅದೊಂದು ಸುದ್ದಿ ಬಿಟ್ಟು ಇನ್ನೊಂದು ಇರಬಹುದೆಂದು ಅವರಿಗೆ ತೋಚಿರಲಿಲ್ಲ.

ವಿಳಾಸದಾರನಾದ ಏಕಾಂತಪ್ಪ ಅಲ್ಲೇ ನಿಂತು ಕಾಗದ ಬಿಚ್ಚಿದ. ಓದುತ್ತ ಓದುತ್ತ ಅವನ ಮುಖ ಮೊದಲು ಅರಳಿತು, ಕಡೆಯ ಸಾಲಿಗೆ ಬರುವಷ್ಟರಲ್ಲಿ ಬಾಡಿತು. ಕಾಗದದಲ್ಲಿ ಹೇಳಿದ ಕೆಲಸ ಮುಗಿಸಿ, ಉತ್ತರವನ್ನು ಟಪಾಲಿಗೆ ಹಾಕಲು ಕೊಟ್ಟ ಕಡೆಯ ದಿನ ಅಂದೇ ಆಗಿತ್ತು. ರಾಮಗಿರಿ ಸ್ಟೇಷನ್ನಿಗೆ ಮೇಲ್ ಗಾಡಿ ಬರುವುದು ಮಧ್ಯಾಹ್ನ ಮೂರಕ್ಕೆ. ಈಗ ಹೊತ್ತು ಮಾರುದ್ದ ಏರಿತ್ತು.

ಏಕಾಂತಪ್ಪ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಎಫ್.ಎ. ಎರಡನೆಯ ವರ್ಷದಲ್ಲಿದ್ದ. ಅಲ್ಲಿ ಅವನು ‘ಐತೆ’ ಅಂದಾಗಲೆಲ್ಲ ಹಾಸ್ಟೆಲಿನ ಹುಡುಗರು ನಗುತ್ತಿದ್ದರು. ಆದ್ದರಿಂದ ಮೊದಲ ವರ್ಷ ಅವನು ಇಲ್ಲದ ವಸ್ತುಗಳ ಬಗ್ಗೆ ಮಾತ್ರ ಮಾತಾಡಿದ. ಎರಡನೆಯ ವರ್ಷ ಮಾತೇ ಬಿಟ್ಟ. ಊಟದ ಪಂಕ್ತಿಯಲ್ಲಿ ಕಡೆಯ ಮಣೆ ಅವನದು. ಸಾರಿನ ಪಾತ್ರೆ ಅಲ್ಲಿಗೆ ಬರುವ ಹೊತ್ತಿಗೆ ಬಡಿಸುವವನಿಗೂ ಮಾತು ಮುಗಿದಿರುತ್ತಿತ್ತು.

ಅಂಥವನಿಗೆ ದಂಡಿನ ಪೇಟೆಯಲ್ಲಿ ಒಂದು ಜಾಗ ಸಿಕ್ಕಿತು. ನೆಲಕ್ಕೆಲ್ಲ ನುಣುಪಾದ ಹಲಗೆ ಹಾಸಿದ ದೊಡ್ಡ ಕೊಟ್ಟಿಗೆ. ಅದಕ್ಕೆ ರಿಂಕು ಎಂದು ಹೆಸರು. ದೊರೆಗಳೂ ದೊರೆಸಾನಿಗಳೂ ಒಂದೊಂದು ಕಾಲಿಗೂ ನಾಲ್ಕು ನಾಲ್ಕು ಗಾಲಿ ಕಟ್ಟಿಕೊಂಡು ಅಲ್ಲಿ ಎಣ್ಣೆಯ ಮೇಲೆ ಹರಿದಂತೆ ಹರಿದಾಡುತ್ತಿದ್ದರು. ಬೆಳಗಿನ ಒಂದು ಗಂಟೆ ಕಾಲೇಜಿನ ಸಂಘಕ್ಕೆ ಬಿಟ್ಟಿದ್ದರು. ಗಾಲಿಜೋಡು ಕಟ್ಟಿಕೊಂಡವನು ಯಾರೊಂದಿಗೂ ಮಾತಾಡಬೇಕಾಗಿಲ್ಲ, ಯಾರೂ ಮಾತಾಡಿಸುವಷ್ಟು ಹೊತ್ತು ಒಂದು ಕಡೆ ನಿಂತಿರಬೇಕಾಗಿಯೂ ಇಲ್ಲ. ಏಕಾಂತಪ್ಪನಿಗೆ ಅದು ಹೇಳಿಮಾಡಿಸಿದ ವಿದ್ಯೆ. ಒಂದೇ ವರ್ಷದಲ್ಲಿ ಅವನು ಒಂಟಿ ಕಾಲಿನ ಮೇಲೆ ನೆಲದಲ್ಲಿ ಎಂಟು ಬರೆಯುವುದನ್ನು ಕಲಿತ. ಎರಡು ಬಳೆಗಳನ್ನು ಪಕ್ಕಪಕ್ಕ ಇಟ್ಟಂತೆ ಕಾಣುವ ಇಂಗ್ಲಿಷ್ ಎಂಟು. ಒಂದು ಸುತ್ತಿನಲ್ಲಿ ಬರೆದ ಗೆರೆಯ ಮೇಲೆಯೇ ಎರಡನೆಯ, ಮೂರನೆಯ ಸುತ್ತೂ ಕೂರಬೇಕು. ಅದೇ ಅದರ ಕಷ್ಟ. ಅವನು ಬರೆದದ್ದನ್ನು ಅಲ್ಲಿ ನಿಂತು ನೋಡಿದವರು ಯಾರೂ ಇರಲಿಲ್ಲ.

ಕಾಗದ ಬರೆದದ್ದು ಆ ಸಂಘದ ಕಾರ್ಯದರ್ಶಿ, ಒಬ್ಬ ಇಂಗ್ಲಿಷ್ ದೊರೆ. ಪ್ಲೇಗಿನಿಂದ ಕಾಲೇಜು ಮುಚ್ಚಿ ಹುಡುಗರೆಲ್ಲ ಊರು ಸೇರಿದ್ದಾರೆ. ವರ್ಷದ ಪಂದ್ಯ ಮಾತ್ರ ನಿಲ್ಲಬಾರದು. ಆದ್ದರಿಂದ ಆಯಾ ಊರಿನಲ್ಲೇ ಇಬ್ಬರು ಗಣ್ಯರ ಮುಂದೆ ಮೊದಲ ಪಂದ್ಯ ನಡೆಸಿ, ಗೆದ್ದವರ ಹೆಸರನ್ನು ಜೊತೆಗಿಟ್ಟ ನಮೂನೆಯಲ್ಲಿ ತುಂಬಿ ಕಳಿಸತಕ್ಕದ್ದು. ಮೊದಲನೆಯವನಿಗೆ ರೈಲಿನ ಪಾಸು ಬರುತ್ತದೆ, ಬೆಂಗಳೂರಿನ ಕಡೆಯ ಪಂದ್ಯಕ್ಕೆ ಅವನು ಹೋಗಬೇಕು. ಇಂಗ್ಲಿಷು ಕನ್ನಡ ಎರಡರಲ್ಲೂ ಅಚ್ಚಾದ ಆ ನಮೂನೆಯಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ನಾಲ್ಕು ಗೆರೆ ಇದ್ದವು. ಹೊಳಲ್ಕೆರೆ ತಾಲ್ಲೂಕಿನ ಒಂದೊಂದು ಹಳ್ಳಿಯಲ್ಲೂ ನಾಲ್ಕು ಜನ ಗಾಲಿಜೋಡಿನವರು ಇದ್ದೇ ಇರುತ್ತಾರೆಂದು ದೊರೆ ನಂಬಿದ್ದ.

ಇಡೀ ಸೀಮೆಗೆ ಇದ್ದವನು ಒಬ್ಬ. ಕಡೆಯ ಪಂದ್ಯದ ದಿನ ರಿಂಕಿನ ಸುತ್ತ ಬೆಂಚುಗಳ ಮೇಲೆ ನೂರಾರು ಜನ ಕೂರುತ್ತಾರೆ. ಹಾಸ್ಟೆಲಿನವರೂ ಬರುತ್ತಾರೆ. ಒಂದೇ ಒಂದು ಸಲ ಅವರೆಲ್ಲ ಬಾಯಿ ಮುಚ್ಚಿಕೊಂಡು ತನ್ನನ್ನು ನೋಡಬೇಕು ಎಂಬುದು ಏಕಾಂತಪ್ಪನ ಆಸೆ. ಅದಕ್ಕಿಂತ ಹೆಚ್ಚಿನದೇನನ್ನೂ ಅವನು ದೇವರಲ್ಲಿ ಕೇಳಿರಲಿಲ್ಲ.

“ಪಂದ್ಯ ಐತೆ ಗೌಡ್ರೇ,” ಎಂದ. “ಇವತ್ತೇ ಆಗ್ಬೇಕು. ನೀವೂ ಶಾನುಭೋಗ್ರೂ ನೋಡಿ ಬರಕೊಡ್ಬೇಕು.”

“ಯಾರ್ಯಾರಿಗೆ ಪಂದ್ಯ?”

“ನಾನೊಬ್ನೇ.”

“ಒಬ್ನೇ ಅದೆಂಗೋ ಪಂದ್ಯ ಆಡ್ತೀಯ. ಯಾರನ್ನ ಸೋಲಿಸ್ತೀಯ?”

ಏಕಾಂತಪ್ಪ ವಿವರಿಸಿದ. ಗಾಲಿಯ ವಿಚಾರ ಗೌಡರಿಗೆ ಬೇಗ ತಿಳಿಯಿತು. ಹತ್ತು ದಿನ ಅವರೇ ದೂರದಿಂದ ನೋಡಿದ್ದರು. ಊರ ಹೊರಗಿನ ಹಾಸುಬಂಡೆಯ ಪಕ್ಕದ ಹಾಳುಮಂಟಪದಲ್ಲಿ ಇವನನ್ನು ಇಟ್ಟಿದ್ದಾಗ, ದಿನವಿಡೀ ಇವನು ಬಂಡೆಯ ಮೇಲೆ ಕಾಲು ಎತ್ತಿಡದೆ ಜಾರಾಡುತ್ತಿದ್ದುದನ್ನು ಊರೆಲ್ಲ ಕಂಡು, ಜ್ವರ ನೆತ್ತಿಗೇರಿದೆ ಎಂದು ಮಾತಾಡಿಕೊಂಡಿತ್ತು. ಗೌಡರಿಗೆ ಅರ್ಥವಾಗದೆ ಉಳಿದದ್ದು ಆ ನಾಲ್ಕು ಗೆರೆಗಳು.

“ಈ ಮೊದಲ್ನೇದು, ಎರಡ್ನೇದು ಅಂತ ಐತಲ್ಲ, ಇದೇನು?”

“ಮರ್ಯಾದೆ ಗೌಡ್ರೇ. ಮೊದಲ್ನೇ ಮರ್ಯಾದೆ ಒಬ್ರಿಗೆ, ಎರಡ್ನೇದು ಒಬ್ರಿಗೆ, ಹಂಗೆ.”

“ಕಣದಾಗೆ ಕೊಡ್ತೀವಲ್ಲ, ಹಂಗೆ.”

ಏಕಾಂತಪ್ಪನ ಕಣ್ಣು ಹೊತ್ತಿನ ಮೇಲಿತ್ತು. “ಹೂಂ, ಹಂಗೇ ಅನ್ಕಳ್ರಿ,” ಎಂದ.

ಗೌಡರ ಮುಖ ತಿಳಿಯಾಯಿತು. ಗೊತ್ತಿರುವ ಕೆಲಸ. ಹಾಗಾದರೆ ಬರುತ್ತೇನೆ, ಶಾನುಭೋಗರನ್ನೂ ಕರೆತರುತ್ತೇನೆ, ನೀನು ಮುಂದೆ ನಡೆ ಎಂದು ಕಳಿಸಿದರು.

ಬಂಡೆಗೆ ಬಂದು ನೋಡಿದರೆ ಬಂಡೆಯೇ ಕಾಣಲಿಲ್ಲ. ಏಕಾಂತಪ್ಪನ ಕಾವಲು ಮುಗಿದು ಅವನು ಮಂಟಪ ಬಿಟ್ಟ ಮರುದಿನವೇ ಚಿಕ್ಕತಿಮ್ಮಪ್ಪ ಅಲ್ಲಿ ಕಣ ಹೂಡಿದ್ದ. ಪ್ಲೇಗಿನ ಹುಡುಗ ಯಾವಾಗ ಏಳುತ್ತಾನೆ ಎಂದು ಅವನು ರಾಗಿಯ ಮೆದೆ ಕಟ್ಟಿಕೊಂಡು ಹತ್ತು ದಿನ ಕಾದಿದ್ದ ಮನುಷ್ಯ. ಈಗ ಒಕ್ಕಣೆ ಮುಗಿಯುತ್ತ ಬಂದಿತ್ತು. ತೂರಿದ ರಾಗಿ ಬಂಡೆಯ ಒಂದು ಅಂಚಿನಲ್ಲಿ ರಾಶಿಯಾಗಿ ಕೂತಿತ್ತು, ಸುತ್ತ ಬೂದಿಯ ಗೆರೆ, ನೆತ್ತಿಯ ಮೇಲೆ ಗಣಪನೆಂದು ಇಟ್ಟ ಸಗಣಿಯ ಬೆನವ. ನಡುವೆ ಮೇಟಿ ಕಂಬದ ಸುತ್ತ ಕೆಂದ, ಬಿಳಿಯ ಎಂಬ ಎರಡು ಎತ್ತುಗಳು ಉಳಿದ ಹುಲ್ಲನ್ನು ತುಳಿಯುತ್ತ ಸುತ್ತುತ್ತಿದ್ದವು.

ಏಕಾಂತಪ್ಪ ಒಂದು ಗಳಿಗೆ ಬಂಡೆ ಬಿಡಿಸಿಕೊಡು ಎಂದು ಬೇಡಿಕೊಂಡ. ಚಿಕ್ಕತಿಮ್ಮಪ್ಪ ಒರಟನಲ್ಲ; ಆದರೆ ಕಣದ ಕಟ್ಟಳೆ ಅವನು ಮಾಡಿದ್ದಲ್ಲ. ರಾಶಿಯನ್ನು ಅಳೆಯುವವರೆಗೆ ಕಣ ಬಿಟ್ಟು ಹೋಗುವಂತಿಲ್ಲ. ರಾಶಿಯ ಹತ್ತಿರ ಕೂಗುವಂತಿಲ್ಲ, ನಗುವಂತಿಲ್ಲ. ಅಳೆಯುವಾಗ ಮೊದಲು ದೇವರ ಪಾಲು, ಆಮೇಲೆ ಗೌಡರದು, ಆಮೇಲೆ ಶಾನುಭೋಗರದು, ಆಮೇಲೆ ಎತ್ತಿಗೆ ಲಾಳ ಕಟ್ಟುವ ಸಾಬರದು, ಹೀಗೆ ಸಾಲು.

“ನಿಂದು?” ಎಂದು ಏಕಾಂತಪ್ಪ ಕೇಳಿದ.

“ನಾನು ಬೆಳೆದೋನು. ನಂದು ಎಲ್ಲಾರ್ದೂ ಆದ ಮ್ಯಾಲೆ,” ಎಂದ ಚಿಕ್ಕತಿಮ್ಮಪ್ಪ, ಸೂರ್ಯ ಯಾವ ಕಡೆ ಹುಟ್ಟುತ್ತಾನೆಂದು ಯಾರೋ ಕೇಳಿದ ಹಾಗೆ.

ಕಡೆಗೆ ಅವನು ಒಪ್ಪಿದ. ಎತ್ತು ಬಿಚ್ಚಿ, ಮೇಟಿ ಕಿತ್ತು, ಹುಲ್ಲು ಸರಿಸಿಕೊಡುತ್ತೇನೆ, ರಾಶಿ ಮುಟ್ಟಕೂಡದು, ಗಟ್ಟಿಯಾಗಿ ಮಾತಾಡಕೂಡದು. ಎಲ್ಲ ಹೇಳಿ, ಏಕಾಂತಪ್ಪ ಕಂಕುಳಲ್ಲಿ ಇಟ್ಟುಕೊಂಡಿದ್ದ ಬೂಟುಗಳ ಮೇಲೆ ಕಣ್ಣು ಬಿದ್ದದ್ದೇ ಕೈ ಅಡ್ಡ ಹಿಡಿದ. “ತೊಗಲು ಕಣ ಮೆಟ್ಟಂಗಿಲ್ಲ.”

ಗಾಲಿಜೋಡು ಎಂದರೆ ಬೂಟಿನ ತಳಕ್ಕೆ ಸಿಕ್ಕಿಸಿ ಬಿಗಿಯುವ ಕಬ್ಬಿಣದ ಪಟ್ಟಿ. ಬೂಟಿಲ್ಲದೆ ಅದು ಕಾಲಿನ ಮೇಲೆ ನಿಲ್ಲುವುದಿಲ್ಲ. ಕಾಲಿಗೆ ಕಬ್ಬಿಣ ಕಟ್ಟುವುದು ಬಲ್ಲವರು ಊರಲ್ಲಿ ಒಬ್ಬರೇ ಇದ್ದರು. ಏಕಾಂತಪ್ಪ ಉಸ್ಮಾನ್ ಸಾಬರ ಮನೆಗೆ ಓಡಿದ.

ಉಸ್ಮಾನ್ ಸಾಬರು ಗಾಲಿಜೋಡನ್ನು ಕೈಯಲ್ಲಿ ಹಿಡಿದು, ಒಂದು ಗಾಲಿಯನ್ನು ಬೆರಳಿನಿಂದ ತಿರುಗಿಸಿ, ಅದು ನಿಲ್ಲುವವರೆಗೂ ನೋಡಿದರು. ಯಾಕೆ, ಎಲ್ಲಿಗೆ, ಯಾರು ಹೇಳಿದ್ದು ಎಂದು ಏನೂ ಕೇಳಲಿಲ್ಲ. ಬೆಂಗಳೂರಿನಿಂದ ಬಂದ ಮೇಲೆ ಏಕಾಂತಪ್ಪನನ್ನು ಏನೂ ಕೇಳದೆ ಇದ್ದ ಮೊದಲನೆಯ ಮನುಷ್ಯ ಅವರು. ಗಾಡಿಯ ಕೀಲೆಣ್ಣೆಯ ಕುಡಿಕೆ, ಹಳೆಯ ಕಂಬಳಿಯ ಒಂದು ತುಂಡು, ಕತ್ತರಿ ತೆಗೆದುಕೊಂಡು ಎದ್ದರು.

ಬಂಡೆಯ ಅಂಚಿಗೆ ಬಂದಮೇಲೆ, “ಮಲಕ್ಕಳ್ರಿ,” ಎಂದರು.

“ಕುಂತ್ಕಂಡ್ರೆ ಆಗಲ್ವಾ ಸಾಬ್ರೇ?”

“ಮೂವತ್ತು ವರ್ಷದಿಂದ ಲಾಳ ಕಟ್ತಾ ಇದೀನಿ. ಕೆಡವ್ದಲೇ ಕಟ್ಟಿ ನಂಗೆ ರೂಢಿ ಇಲ್ಲ.”

ಏಕಾಂತಪ್ಪ ಅಂಗಾತ ಮಲಗಿ ಕಾಲು ಮೇಲೆತ್ತಿದ. ಸಾಬರು ಅಭ್ಯಾಸಬಲದಿಂದ ಅವನ ಎರಡು ಕಾಲನ್ನೂ ಹಗ್ಗದಿಂದ ಬಿಗಿದು, ಆಮೇಲೆ ನೆನಪಾಗಿ ಬಿಚ್ಚಿದರು. ಕಂಬಳಿಯನ್ನು ಪಟ್ಟಿ ಪಟ್ಟಿ ಸೀಳಿ, ಬರಿಗಾಲಿಗೆ ಮೆತ್ತೆ ಮಾಡಿ, ಕಬ್ಬಿಣವನ್ನು ಇಟ್ಟು, ಒಂಬತ್ತು ಸುತ್ತು ಸುತ್ತಿ ಗಂಟು ಹಾಕಿದರು. ಅಷ್ಟರಲ್ಲಿ ಸುದ್ದಿ ಊರು ಮುಟ್ಟಿ, ದಾರಿಯಲ್ಲಿ ಬೆಳೆದು, ವಾಪಸು ಬಂದಿತ್ತು. ಮನುಷ್ಯನಿಗೆ ಲಾಳ ಕಟ್ಟುತ್ತಿದ್ದಾರೆ ಎಂದು ಕೆಲವರು ನೋಡಲು ಬಂದರು. ಸತ್ತವನ ಕಾಲಿನ ಹೆಬ್ಬೆರಳು ಕಟ್ಟುತ್ತಿದ್ದಾರೆ ಎಂದು ಕೇಳಿದ ಕೆಲವರು ತಲೆಗೆ ವಸ್ತ್ರ ಸುತ್ತಿಕೊಂಡು ಬಂದರು.

ಎಲ್ಲರಿಗಿಂತ ಮುಂದೆ ಬಂದವಳು ದೊಡ್ಡಮ್ಮ ಸರ್ವಮಂಗಳಮ್ಮ. ತಾಯಿಯಿಲ್ಲದ ಏಕಾಂತಪ್ಪನನ್ನು ಸಾಕಿದವಳು ಅವಳು. ಕಾವಲಿನ ಹತ್ತು ದಿನ ಬುತ್ತಿಯನ್ನು ಕಲ್ಲಿನ ಮೇಲಿಟ್ಟು, ಹಿಂದಕ್ಕೆ ನಡೆದು, ಬೇಲಿಯ ಆಚೆ ನಿಂತು ಅತ್ತು ಹೋಗುತ್ತಿದ್ದಳು. ಅವಳು ಬದುಕಿರುವ ಮಗನ ಮೇಲೆ ಬಿದ್ದು ಒಂದು ಗಳಿಗೆ ಅತ್ತಳು. ಸಾವಲ್ಲ ಎಂದು ತಿಳಿದ ಮೇಲೆ, ಓದಿ ಓದಿ ಕಾಲು ಸೋತಿವೆ, ಅದಕ್ಕೆ ಗಾಲಿ ಹಾಕಿಸಿಕೊಂಡಿದ್ದಾನೆ, ಮುಂದೆ ಹೆಣ್ಣು ಕೊಡುವವರು ಯಾರು ಎಂದು ಅತ್ತಳು. ಕಣದಲ್ಲಿ ಅಳುವಂತಿಲ್ಲ ಎಂದು ಚಿಕ್ಕತಿಮ್ಮಪ್ಪ ನೆನಪಿಸಿದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು.

ಗೌಡರೂ ಶಾನುಭೋಗರೂ ಬಂದು ಹಾಸಿದ ಗೋಣಿಯ ಮೇಲೆ ಆಸೀನರಾದರು. ಏಕಾಂತಪ್ಪ ನಿಯಮಗಳನ್ನು ಓದಿ ಹೇಳಿದ. ಎಂಟನ್ನು ಮೂರು ಸಲ ಬರೆಯಬೇಕು. ಇನ್ನೊಂದು ಕಾಲು ನೆಲಕ್ಕೆ ತಾಗಬಾರದು. ತೀರ್ಪು ಬರೆಯುವಾಗ ಪಂದ್ಯದವನು ಹತ್ತು ಗಜ ದೂರವಿರಬೇಕು. ಕಡೆಯ ನಿಯಮವನ್ನು ಅವನು ಓದದೆ ಬಿಟ್ಟಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಅಂಥ ಹುಡುಗನಲ್ಲ.

ಶಾನುಭೋಗರು ಒಂದು ಸಂಶಯ ಎತ್ತಿದರು. ಕನ್ನಡದ ಎಂಟಾದರೆ ಒಂದು ಬಾಗಿನಲ್ಲಿ ಮುಗಿಯುತ್ತದೆ, ಆಳಿಗೆ ಆಯಾಸವಿಲ್ಲ. ಇಂಗ್ಲಿಷ್ ಎಂಟು ಬಂದಲ್ಲಿಗೇ ಬಂದು ಸೇರುತ್ತದೆ, ಇದರಿಂದ ಪ್ರಯೋಜನವೇನು? ಏಕಾಂತಪ್ಪ ಹೊತ್ತನ್ನು ನೋಡಿದ. ಅವನು ಬಂಡೆಗೆ ಇಳಿದ.

ಎರಡು ಹೆಜ್ಜೆ ತಳ್ಳಿದ್ದೇ ತಡ, ಗುಡಿಸಿದ ಮೇಲೂ ಉಳಿದಿದ್ದ ನಾಲ್ಕು ಕಾಳು ರಾಗಿ ಗಾಲಿಯ ಕೆಳಗೆ ಸಿಕ್ಕಿತು. ಏಕಾಂತಪ್ಪ ಮುಂದಕ್ಕೆ ಹೋದ, ಕಾಲು ಇನ್ನೂ ಮುಂದಕ್ಕೆ ಹೋದವು. ಅವನು ಕೂತ ಸದ್ದಿಗೆ ರಾಶಿಯ ನೆತ್ತಿಯಿಂದ ಒಂದು ಹಿಡಿ ರಾಗಿ ಜಾರಿತು. ಇದು ಪಂದ್ಯದ ಭಾಗವೋ ಅಲ್ಲವೋ ತಿಳಿಯದೆ ಗೌಡರು ಗಂಭೀರವಾಗಿ ತಲೆದೂಗಿದರು. ಅವನು ಎದ್ದು ಮತ್ತೆ ತಳ್ಳಿದ. ಈ ಸಲ ದೊಡ್ಡ ಸುತ್ತಿಗೆ ಸರಿಯಾಗಿ ಬಂದ. ಆದರೆ ಹಿಂದಿನಿಂದ ಬಿಸಿ ಉಸಿರು ಬಂತು.

ಬಿಚ್ಚಿಬಿಟ್ಟಿದ್ದ ಎತ್ತುಗಳು ಅಷ್ಟು ಹೊತ್ತು ಸುಮ್ಮನೆ ನಿಂತಿದ್ದವು. ಕಣದಲ್ಲಿ ಯಾರೋ ಸುತ್ತುತ್ತಿರುವುದನ್ನು ಕಂಡ ಮೇಲೆ, ಇನ್ನೂ ಕೆಲಸ ಮುಗಿದಿಲ್ಲ ಎಂದು ತಿಳಿದು, ಕರೆಯದಿದ್ದರೂ ಬಂದು ಹಿಂದೆ ಸೇರಿಕೊಂಡವು. ಏಕಾಂತಪ್ಪ ವೇಗ ಹೆಚ್ಚಿಸಿದ. ಅವೂ ಹೆಚ್ಚಿಸಿದವು. ಕೂಗಿ ಓಡಿಸೋಣವೆಂದರೆ ಕೂಗುವಂತಿಲ್ಲ. ಚಿಕ್ಕತಿಮ್ಮಪ್ಪ ಅಂಚಿನಲ್ಲಿ ನಿಂತು ಕೈ ಬೀಸಿ ಬೀಸಿ ಎತ್ತುಗಳಿಗೆ ಸನ್ನೆ ಮಾಡಿದ. ಅವು ಅದನ್ನು ಬೇಗ ನಡೆಯಿರಿ ಎಂದು ತಿಳಿದವು. ಹೀಗೆ ಎಫ್.ಎ. ಎರಡನೆಯ ವರ್ಷದ ವಿದ್ಯಾರ್ಥಿ ಮುಂದೆ, ಜೋಡೆತ್ತು ಹಿಂದೆ, ಮೂವರೂ ಕಲ್ಲಹಟ್ಟಿಯ ಕಣವನ್ನು ಐದು ಸುತ್ತು ಬಂದರು. ದೊಡ್ಡಮ್ಮನ ಬಾಯಲ್ಲಿ ಸೆರಗು ಪೂರ್ತಿ ಹೋಗಿತ್ತು.

ಆರನೆಯ ಸುತ್ತಿಗೆ ಅವನು ಎಡಗಾಲನ್ನು ಎತ್ತಿದ. ಮೈಯನ್ನು ಒಳಗೆ ಬಾಗಿಸಿ, ನಡು ಬಂಡೆಯಲ್ಲಿ ಸುತ್ತನ್ನು ಮುರಿದು ಇನ್ನೊಂದು ಕಡೆಗೆ ತಿರುಗಿದ. ಎತ್ತುಗಳು ಅಲ್ಲಿಯವರೆಗೆ ಬಂದು ನಿಂತವು. ಹುಟ್ಟಿದಂದಿನಿಂದ ಅವು ಒಂದೇ ಕಡೆಗೆ ಸುತ್ತಿದ್ದವು. ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸುವ ಸುತ್ತು ಅವುಗಳಿಗೆ ಹೊಸತು. ಒಂದರ ಮುಖ ಒಂದು ನೋಡಿಕೊಂಡು ಹುಲ್ಲಿನ ಕಡೆ ನಡೆದವು.

ಬಂಡೆ ಖಾಲಿಯಾಯಿತು. ಏಕಾಂತಪ್ಪ ಮೊದಲನೆಯ ಎಂಟು ಬರೆದ. ಗಾಲಿಗೆ ಹಾಕಿದ ಕೀಲೆಣ್ಣೆ ಬಂಡೆಯ ಮೇಲೆ ತೆಳ್ಳಗೆ ಕಪ್ಪು ಗೆರೆ ಬಿಡುತ್ತಿತ್ತು. ಎರಡನೆಯದು ಅದರ ಮೇಲೆಯೇ ಕೂತಿತು. ಮೂರನೆಯದು ಶುರುವಾದಾಗ ಅವನಿಗೆ ಕಾಲು ಇದ್ದುದೇ ಮರೆತುಹೋಯಿತು. ರಾಮಗಿರಿ ಗುಡ್ಡ ಒಂದು ಸಲ ಎಡಕ್ಕೆ ಹೋಯಿತು, ಒಂದು ಸಲ ಬಲಕ್ಕೆ ಬಂತು. ನಿಂತಾಗ ಬಂಡೆಯ ಮೇಲೆ ಒಂದೇ ಗೆರೆ ಇತ್ತು. ರಿಂಕಿನ ಹಲಗೆಯ ಮೇಲೂ ಅವನಿಗೆ ಅಷ್ಟು ಚೆನ್ನಾಗಿ ಬಂದಿರಲಿಲ್ಲ.

ಊರೆಲ್ಲ ನೋಡುತ್ತಿತ್ತು. ಒಂದು ಚಪ್ಪಾಳೆಯಿಲ್ಲ, ಒಂದು ಉಸಿರಿನ ಸದ್ದಿಲ್ಲ. ರಾಶಿಯ ಮುಂದೆ ಸದ್ದು ಮಾಡುವಂತಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಆದರೂ ಆ ನಿಶ್ಶಬ್ದದ ನಡುವೆ ಒಂಟಿಯಾಗಿ ನಿಂತಾಗ, ತಾನು ಮಾಡಿದ್ದು ಇವರಿಗೆ ಕಂಡಿತೋ ಇಲ್ಲವೋ ಎಂದು ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಚಿಕ್ಕತಿಮ್ಮಪ್ಪ ಹತ್ತಿರ ಬಂದು, ಗೆರೆಯನ್ನು ಬಗ್ಗಿ ನೋಡಿ, ಅದನ್ನು ತುಳಿಯದೆ ದಾಟಿದ.

“ನಮ್ಮ ಎತ್ತಿಗೆ ಇದು ಬರಂಗಿಲ್ಲ,” ಎಂದು ಪಿಸುದನಿಯಲ್ಲಿ ಹೇಳಿದ.

ಏಕಾಂತಪ್ಪನಿಗೆ ಕಣ್ಣು ತುಂಬಿತು. ಎರಡು ವರ್ಷದಲ್ಲಿ ಅವನಿಗೆ ಸಿಕ್ಕಿದ ಹೊಗಳಿಕೆ ಅದೊಂದೇ.

ರಾಶಿಯ ಪೂಜೆಯಾಗಿ, ದೇವರದು, ಗೌಡರದು ಎಂದು ಪಾಲುಗಳನ್ನು ಅಳೆದು, ಆಮೇಲೆ ನಮೂನೆಯ ಸರದಿ ಬಂತು. ಏಕಾಂತಪ್ಪ ನಿಯಮದ ಪ್ರಕಾರ ಹತ್ತು ಗಜ ಎಣಿಸಿಕೊಂಡು ಹೋಗಿ, ಬೇಲಿಯ ಬುಡದಲ್ಲಿ ಕೂತು ಕಂಬಳಿಯ ಗಂಟು ಬಿಚ್ಚತೊಡಗಿದ. ರಾಶಿಯ ಮುಂದಿನ ಪಿಸುಮಾತು ಅಲ್ಲಿಗೆ ಕೇಳುತ್ತಿರಲಿಲ್ಲ, ಕೈಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಶಾನುಭೋಗರು ಬರೆದರು. ಗೌಡರು ಏನೋ ಹೇಳಿದರು. ಶಾನುಭೋಗರು ಮತ್ತೆ ಬರೆದರು. ಆಮೇಲೆ ಉಸ್ಮಾನ್ ಸಾಬರನ್ನು ಕರೆದರು. ಸಾಬರು ಕೈಮುಗಿದು, ತಲೆಯಾಡಿಸಿ, ನಕ್ಕು, ಬೇಲಿಯ ಕಡೆ ಬೆರಳು ತೋರಿಸಿದರು. ಗೌಡರು ಒಪ್ಪಲಿಲ್ಲ. ಸಾಬರು ಬಿಡಲಿಲ್ಲ. ಗಾಲಿಯ ಗಟ್ಟಿತನದ ಬಗ್ಗೆ ವಿಚಾರಿಸುತ್ತಿದ್ದಾರೆ ಎಂದು ಏಕಾಂತಪ್ಪ ತಿಳಿದ. ಇಷ್ಟು ಕಾಳಜಿ ಮಾಡುತ್ತಾರೆಂದು ಅವನು ಎಣಿಸಿರಲಿಲ್ಲ.

ಕಡೆಗೆ ನಮೂನೆಯನ್ನು ಮಡಿಸಿ ಲಕೋಟೆಗೆ ಹಾಕಿ ಶಾನುಭೋಗರು ಅರಗಿನ ಮುದ್ರೆ ಒತ್ತಿದರು. “ಒಂದು ಗೆರೆನೂ ಖಾಲಿ ಬಿಟ್ಟಿಲ್ಲ ಕಣಪ್ಪ,” ಎಂದು ಲಕೋಟೆ ಕೊಡುತ್ತ ಅಭಿಮಾನದಿಂದ ಹೇಳಿದರು. ಆ ಮಾತನ್ನು ಕೇಳಿ ಯೋಚಿಸುವಷ್ಟು ಹೊತ್ತು ಇರಲಿಲ್ಲ. ನೆರಳು ಮೂಡಲಿಗೆ ತಿರುಗಿತ್ತು. ಏಕಾಂತಪ್ಪ ಬೂಟನ್ನೂ ಗಾಲಿಯನ್ನೂ ಅಲ್ಲೇ ಬಿಟ್ಟು ಬರಿಗಾಲಲ್ಲಿ ಓಡಿದ.

ಎರಡು ಮೈಲಿ ದಾರಿ. ಜಾಲಿಮುಳ್ಳಿನ ಹಾದಿ ಬಿಟ್ಟು ಹೊಲ ಅಡ್ಡ ಹಾಯ್ದ, ಕೊಯ್ದ ರಾಗಿಯ ಕೂಳೆ ಚುಚ್ಚಿತು. ಹೊಲ ಬಿಟ್ಟು ಹಾದಿಗೆ ಬಂದ, ಮುಳ್ಳು ಚುಚ್ಚಿತು. ಸ್ಟೇಷನ್ನಿನ ಬೇಲಿ ಹಾರುವಾಗ ಗಾಡಿ ಬಂದು ನಿಂತಿತ್ತು. ಟಪಾಲು ಡಬ್ಬಿಯ ಕಿಟಕಿಗೆ ಓಡಿ ಲಕೋಟೆಯನ್ನು ಚಾಚಿದ. ಒಳಗಿದ್ದ ಗುಮಾಸ್ತೆ ಅರಗಿನ ಮುದ್ರೆಯನ್ನೂ ಅವನ ಕಾಲಿನ ರಕ್ತವನ್ನೂ ನೋಡಿ, ಕೋರ್ಟಿನ ಕಾಗದವೋ ಎಂದು ಕೇಳಿದ.

“ಅಲ್ಲ, ಪಂದ್ಯದ್ದು.”

“ಯಾರು ಗೆದ್ರು?”

“ನಾನೇ,” ಎಂದ ಏಕಾಂತಪ್ಪ. ಆ ಮಾತು ಬಾಯಲ್ಲಿ ಹೇಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಗಾಡಿ ಹೊರಟು ಕಣ್ಮರೆಯಾಗುವವರೆಗೂ ಪ್ಲಾಟ್‌ಫಾರಂ ಮೇಲೆ ಒಬ್ಬನೇ ನಿಂತು, ಇನ್ನೆರಡು ಸಲ ಹೇಳಿ ನೋಡಿದ.

ವಾಪಸು ಬರುವ ಅರ್ಧ ದಾರಿಯಲ್ಲಿ ಉಸ್ಮಾನ್ ಸಾಬರು ಎದುರಾದರು. ಕೈಯಲ್ಲಿ ಅವನ ಬೂಟು, ಹೆಗಲ ಮೇಲೆ ಗಾಲಿ. ಬರಿಗಾಲಲ್ಲಿ ಹೋದಿರಿ ಎಂದು ತಂದೆ, ಎಂದರು. ಇಬ್ಬರೂ ಒಂದು ಬೇವಿನ ಮರದ ಕೆಳಗೆ ಕೂತರು. ಸಾಬರು ಚಿಮಟ ತೆಗೆದು ಅವನ ಕಾಲಿನ ಮುಳ್ಳು ಕೀಳುತ್ತ, ಏನೋ ಹೇಳಬೇಕು, ತಾವಾಗಿ ಹೇಳಿದರೆ ಚೆನ್ನಲ್ಲ ಎಂಬಂತೆ ಮುಗುಳ್ನಗುತ್ತಿದ್ದರು.

“ಏನ್ ಸಾಬ್ರೇ?”

“ಏನಿಲ್ಲ. ಗೌಡ್ರು ಒಪ್ಪಾಕಿಲ್ಲ ಅಂದ್ರು. ನಾನೇ ಬಿಡ್ಲಿಲ್ಲ.”

“ಏನು ಒಪ್ಪಾಕಿಲ್ಲ ಅಂದ್ರು?”

“ನಿಮ್ ಹೆಸ್ರು ಬರೆಯಾಕೆ.”

ಏಕಾಂತಪ್ಪ ಕಾಲು ಎಳೆದುಕೊಂಡ. ಸಾಬರು ಅದನ್ನು ಮತ್ತೆ ಹಿಡಿದು ತೊಡೆಯ ಮೇಲಿಟ್ಟುಕೊಂಡು ಸಾವಕಾಶವಾಗಿ ವಿವರಿಸಿದರು. “ಕಣದಾಗೆ ಮರ್ಯಾದೆ ಹೆಂಗೆ ಹೋಗ್ತೈತೆ, ಹಂಗೇ ಅಂತ ನೀವೇ ಗೌಡ್ರಿಗೆ ಹೇಳಿದ್ರಂತಲ್ಲ. ಮೊದಲ್ನೇ ಗೆರೆಗೆ ಊರ ದೇವ್ರು ಬಸವಣ್ಣನ್ನ ಬರದ್ರು. ಎರಡ್ನೇದು ಗೌಡ್ರು. ಮೂರ್ನೇದು ಶಾನುಭೋಗ್ರು. ನಾಕ್ನೇದು ನಂದು, ಲಾಳದ ಪಾಲು. ಬೆಳೆದೋನ್ದು ಎಲ್ಲಾರ್ದೂ ಆದ ಮ್ಯಾಲೆ. ಆದ್ರೆ ಕಾಗದದಾಗೆ ಗೆರೆ ಇದ್ದದ್ದೇ ನಾಕು.”

ಏಕಾಂತಪ್ಪ ರೈಲು ಹೋದ ದಿಕ್ಕಿಗೆ ನೋಡಿದ. ಹೊಗೆ ಕೂಡ ಇರಲಿಲ್ಲ.

“ನಾನಂದೆ, ಪಾಪ ಆ ಹುಡುಗ ಅಷ್ಟು ಸುತ್ತಿದಾನೆ, ನನ್ ಗೆರೆ ಅವ್ನಿಗೆ ಬಿಡ್ರಿ ಅಂತ. ತಾತನ ಕಾಲದಿಂದ ಬಂದ ಪಾಲು ಬಿಟ್ರೆ ಹೆಂಗೆ ಸಾಬ್ರೇ ಅಂದ್ರು ಗೌಡ್ರು. ಈ ವರ್ಷಕ್ಕೆ ಮಾತ್ರ ಅಂದೆ. ಕಡೇಗೆ ಬರದ್ರು. ಇಲ್ಲಾಂದ್ರೆ ನಿಮ್ ಹೆಸ್ರೇ ಬೆಂಗ್ಳೂರಿಗೆ ಹೋಗ್ತಿರ್ಲಿಲ್ಲ.”

ಸಾಬರ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದವರ ಬೆಳಕು ಇತ್ತು. ಇಡೀ ಊರಿನಲ್ಲಿ ತನಗಾಗಿ ವಾದಿಸಿದವರು ಇವರೊಬ್ಬರೇ ಎಂಬುದು ಏಕಾಂತಪ್ಪನಿಗೆ ಹೊಳೆಯಿತು. ಅವನು, “ಬಾಳ ಉಪಕಾರ ಆಯ್ತು ಸಾಬ್ರೇ,” ಎಂದ. ಒಬ್ಬನೇ ಆಡಿದ ಪಂದ್ಯದಲ್ಲಿ ತಾನು ನಾಲ್ಕನೆಯವನಾದ ಸುದ್ದಿಯನ್ನು, ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಓಡಿ, ತಾನೇ ಟಪಾಲಿಗೆ ಹಾಕಿ ಬಂದಿದ್ದ.

ಹದಿನೈದು ದಿನಕ್ಕೆ ಬೆಂಗಳೂರಿನಿಂದ ಉತ್ತರ ಬಂತು. ಮೇಲೆ ‘ಮಿಸ್ಟರ್ ಬಸವಣ್ಣ, ಕಲ್ಲಹಟ್ಟಿ’ ಎಂದು ವಿಳಾಸವಿತ್ತು. ದೇವರ ಕಾಗದವನ್ನು ಕೊಟ್ಟಿಗೆಯಲ್ಲಿ ತೂಗುಹಾಕುವ ಧೈರ್ಯ ಗೌಡರಿಗೆ ಬರಲಿಲ್ಲ. ನೇರವಾಗಿ ಗುಡಿಗೆ ಒಯ್ದು, ವಿಳಾಸದಾರರ ಸಮಕ್ಷಮದಲ್ಲಿ ಏಕಾಂತಪ್ಪನಿಂದಲೇ ಓದಿಸಿದರು. ದೊರೆ ಮಿಸ್ಟರ್ ಬಸವಣ್ಣನವರ ಗೆಲುವಿಗೆ ಹರ್ಷಪಟ್ಟು, ಅವರ ಕಾಲಿನ ಚಾತುರ್ಯವನ್ನು ಕಣ್ಣಾರೆ ಕಾಣಲು ಕಾತರನಾಗಿರುವುದಾಗಿ ಬರೆದು, ಮೂರನೆಯ ಕ್ಲಾಸಿನ ಪಾಸನ್ನು ಜೊತೆಗಿಟ್ಟಿದ್ದ. ಅವರಿಗೆ ಅನಾನುಕೂಲವಾದಲ್ಲಿ ಎರಡನೆಯವರು ಬರಬಹುದು. ಕೆಳಗೆ ಇನ್ನೊಂದು ಸಾಲು: ಮಿಸ್ಟರ್ ಏಕಾಂತಪ್ಪ ಎದೆಗುಂದಬಾರದು, ತನಗಿಂತ ನಿಪುಣರು ಮೂವರಿರುವ ಊರಿನಲ್ಲಿ ನಾಲ್ಕನೆಯವನಾಗುವುದು ಅವಮಾನವಲ್ಲ, ರಜೆ ಮುಗಿಯುವವರೆಗೆ ಆ ಹಿರಿಯರಲ್ಲಿ ಪಾಠ ಹೇಳಿಸಿಕೊಳ್ಳಲಿ.

ಕಲ್ಲಿನ ಬಸವಣ್ಣ ನಾಲ್ಕು ಕಾಲನ್ನೂ ಮಡಚಿ ಹೊಟ್ಟೆಯ ಕೆಳಗೆ ಇಟ್ಟುಕೊಂಡು ಎಲ್ಲವನ್ನೂ ಕೇಳಿತು. ಪೂಜಾರಿ ಹಣೆಯ ಮೇಲೆ ಹೂ ಇಟ್ಟು, ಬೆಂಗಳೂರಿಗೆ ದಯಮಾಡಿಸುವುದಾದರೆ ಬಲಗಡೆ ಕೊಡು ಎಂದು ಬೇಡಿದ. ಹೂ ಅಲ್ಲಾಡಲಿಲ್ಲ. ದೇವರಿಗೆ ಅನಾನುಕೂಲ ಎಂದು ತೀರ್ಮಾನವಾಯಿತು.

ಗೌಡರು ಬಹಳ ದಿನದಿಂದ ಬೆಂಗಳೂರು ನೋಡಬೇಕೆಂದಿದ್ದವರು. ಹೊರಡುವ ದಿನ ಬೆಳಿಗ್ಗೆ ಏಕಾಂತಪ್ಪನ ಮನೆಗೆ ಬಂದು ಕಟ್ಟೆಯ ಮೇಲೆ ಕೂತರು.

“ಊರಿನ ಪರವಾಗಿ ಹೋಗ್ತಾ ಇದೀನಪ್ಪ,” ಎಂದರು. “ಬರಿಗಾಲಾಗೆ ಹೋದ್ರೆ ಚೆನ್ನಾಗಿರಲ್ಲ. ನಿನ್ನ ಗಾಲಿ ಕೊಡು.”

ದೊಡ್ಡಮ್ಮ ಅವನ್ನು ತೊಳೆದು, ಅರಿಶಿನ ಕುಂಕುಮ ಇಟ್ಟು, ತಟ್ಟೆಯಲ್ಲಿ ತಂದುಕೊಟ್ಟಳು.

ಅಂದು ಸಂಜೆ ಏಕಾಂತಪ್ಪ ಹಾಸುಬಂಡೆಗೆ ಹೋದ. ಕಣ ಎತ್ತಿಯಾಗಿತ್ತು. ಚಿಕ್ಕತಿಮ್ಮಪ್ಪನ ಎತ್ತುಗಳು ಬದಿಯಲ್ಲಿ ಮೇಯುತ್ತಿದ್ದವು. ಕೀಲೆಣ್ಣೆಯ ಗೆರೆ ಇನ್ನೂ ಮಾಸಿರಲಿಲ್ಲ. ಮಾಡಲು ಬೇರೇನೂ ಇಲ್ಲದೆ ಅವನು ಅದರ ಮೇಲೆ ಬರಿಗಾಲಲ್ಲಿ ನಡೆಯತೊಡಗಿದ. ಸ್ವಲ್ಪ ಹೊತ್ತಿನಲ್ಲಿ ಹಿಂದೆ ಗೊರಸಿನ ಸದ್ದು ಕೇಳಿತು. ಕೆಂದ ಬಂದು ಸೇರಿಕೊಂಡಿತ್ತು. ಬರಲಿ ಎಂದು ಅವನು ಸುಮ್ಮನಾದ. ಹಿಂದೆ ಯಾರೋ ಇದ್ದಾರೆ ಎಂಬುದು ಅಂದು ಅಷ್ಟೇನೂ ಬೇಡವೆನಿಸಲಿಲ್ಲ. ನಡು ಬಂಡೆಗೆ ಬಂದಾಗ, ಇಲ್ಲಿ ಇದು ನಿಲ್ಲುತ್ತದೆ ಎಂದುಕೊಂಡು ಅವನು ಇನ್ನೊಂದು ಕಡೆಗೆ ತಿರುಗಿದ.

ಕೆಂದ ನಿಲ್ಲಲಿಲ್ಲ. ಒಂದು ಗಳಿಗೆ ಗೆರೆಯನ್ನು ಮೂಸಿ, ಮೈ ಬಾಗಿಸಿ, ಅವನ ಹಿಂದೆಯೇ ನೀಟಾಗಿ ತಿರುಗಿ ಎಂಟನ್ನು ಪೂರ್ತಿ ಮಾಡಿತು. ಮುಂದಿನ ವರ್ಷದ ಪಂದ್ಯದಲ್ಲಿ ನಾಲ್ಕನೆಯ ಗೆರೆ ಕೆಂದನದು, ತನ್ನದು ನಮೂನೆಯಲ್ಲಿಲ್ಲದ ಐದನೆಯದು ಎಂಬುದು ಏಕಾಂತಪ್ಪನಿಗೆ ಖಾತ್ರಿಯಾಯಿತು.